ಸೊಳ್ಳೆಯದ್ದಲ್ಲ, ಉಣುಗಿನದ್ದೂ ಅಲ್ಲ ಈ ಜ್ವರ

ಮಾನ್ಯ ಸಂಪಾದಕರೇ,

ನಮ್ಮ ಜಿಲ್ಲೆಯಲ್ಲಿ ಜ್ವರ ಅಂದ ಕೂಡಲೇ ನೆನಪಾಗುವುದು ಡೆಂಗಿ, ಇಲಿ ಜ್ವರ, ಘಟ್ಟದ ಮೇಲಾದರೆ ಮಂಗನ ಜ್ವರ. ಪತ್ರಿಕೆಯಲ್ಲೂ ಅದೇ ಸುದ್ದಿ. ಬರಲೇಬೇಕು, ತಪ್ಪೇನಿಲ್ಲ. ಆದರೆ ಸೊಳ್ಳೆ, ಉಣುಗು, ಇಲಿ ಯಾವುದರ ಹಂಗೂ ಇಲ್ಲದೆ ಬರುವ ಜ್ವರವೂ ಇದೆ. ಅದರ ಜೊತೆ ನಾಲ್ಕು ವರ್ಷ ಏಗಿದವಳು ನಾನು.

ಮಗನಿಗೆ ಐದು ವರ್ಷವಿದ್ದಾಗ ಶುರುವಾಯಿತು. ಸಂಜೆ ಆಡಿಕೊಂಡಿದ್ದವ ರಾತ್ರಿ 103 ಡಿಗ್ರಿ ಜ್ವರದಲ್ಲಿ ಬೇಯುತ್ತಿದ್ದ. ಹೊಟ್ಟೆ ಮುಟ್ಟಲು ಬಿಡುತ್ತಿರಲಿಲ್ಲ, ಮೊಣಕಾಲು ಎದೆಗೆ ಒತ್ತಿಕೊಂಡು ಮಲಗುತ್ತಿದ್ದ. ಮೂರನೇ ದಿನ ಏನೂ ಆಗದವನ ಹಾಗೆ ಎದ್ದು ಗಂಜಿ ಕೇಳುತ್ತಿದ್ದ. ಪ್ರತಿ ಸಲವೂ ಆ್ಯಂಟಿಬಯೋಟಿಕ್. ಅದರಿಂದಲೇ ಗುಣ ಎಂದುಕೊಂಡಿದ್ದೆವು. ಜ್ವರ ತಾನಾಗಿಯೇ ಇಳಿಯುತ್ತಿತ್ತು ಅಂತ ಗೊತ್ತಾದದ್ದು ಎಷ್ಟೋ ಕಾಲದ ಮೇಲೆ. ಒಂದು ಕಡೆ ಅಪೆಂಡಿಕ್ಸ್ ಎಂದು ಆಪರೇಷನ್ನೂ ಆಯಿತು. ಅತ್ತೆ ದೃಷ್ಟಿ ತೆಗೆದರು. ಶಾಲೆಯಲ್ಲಿ ‘ಪರೀಕ್ಷೆ ಬಂದಾಗಲೇ ಹೊಟ್ಟೆನೋವಾ?’ ಎಂದರು.

ದಾರಿ ತೋರಿಸಿದ್ದು ಅಡುಗೆಮನೆಯ ಕ್ಯಾಲೆಂಡರ್. ಹಾಲಿನ ಲೆಕ್ಕದ ಪಕ್ಕದಲ್ಲೇ ಜ್ವರ ಬಂದ ದಿನಗಳಿಗೆ ಕೆಂಪು ಸುತ್ತು ಹಾಕಿಟ್ಟಿದ್ದೆ. ದೂರದ ಊರಿನ ಮಕ್ಕಳ ತಜ್ಞರೊಬ್ಬರು ಆ ಹಾಳೆಗಳನ್ನು ಒಂದೊಂದಾಗಿ ಮಗುಚಿ ನೋಡಿ, ‘ಮುಂದಿನ ಸಲ ಜ್ವರ ಇದ್ದಾಗಲೇ ರಕ್ತ ಪರೀಕ್ಷೆ ಮಾಡಿಸಿ’ ಎಂದರು. ಆಮೇಲೆ ಜೀನ್ ಪರೀಕ್ಷೆ. ಕಾಯಿಲೆಯ ಹೆಸರು ಫೆಮಿಲಿಯಲ್ ಮೆಡಿಟರೇನಿಯನ್ ಫೀವರ್. ಟರ್ಕಿ, ಅರ್ಮೇನಿಯಾ ಕಡೆ ಜಾಸ್ತಿ, ನಮ್ಮಲ್ಲಿ ತೀರಾ ಅಪರೂಪ.

ಇಂಥ ಕಾಯಿಲೆಗಳ ಗುಂಪಿಗೆ ಆಟೋಇನ್‌ಫ್ಲಮೇಟರಿ ಎನ್ನುತ್ತಾರೆ. ಕಳ್ಳ ಬರದಿದ್ದರೂ ಬೊಗಳುವ ನಾಯಿ ಇರುತ್ತದಲ್ಲ, ಹಾಗೆ. ರೋಗಾಣು ಇಲ್ಲದಿದ್ದರೂ ಮೈಯ ಕಾವಲು ಎದ್ದು ಕೂತು ಜ್ವರ, ಉರಿಯೂತ ತರುತ್ತದೆ. ಮಗನಿಗೆ ಇರುವುದು ಎಂಇಎಫ್‌ವಿ ಎಂಬ ಜೀನಿನ ದೋಷ. 1997ರಲ್ಲಿ ಪತ್ತೆಯಾದ ಜೀನ್ ಅದು. ಸಾಮಾನ್ಯವಾಗಿ ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಹೀಗೆ ಎರಡೂ ಕಡೆಯಿಂದ ದೋಷ ಬಂದರೆ ಕಾಯಿಲೆ. ‘ತಾಯಿ ಕಡೆಯ ರಕ್ತ’ ಎಂದು ಆಡಿಕೊಂಡವರಿಗಾಗಿ ಸುಮ್ನೆ ಹೇಳಿದೆ, ಅಷ್ಟೇ. ಒಬ್ಬರಿಂದೊಬ್ಬರಿಗೆ ಅಂಟುವುದಿಲ್ಲ.

ಔಷಧ ಕಾಲ್ಚಿಸಿನ್, 1972ರಿಂದ ಈ ಕಾಯಿಲೆಗೆ ಬಳಕೆಯಲ್ಲಿದೆ. ಮಳೆಗಾಲದಲ್ಲಿ ನಮ್ಮ ಬೇಲಿಗಳ ಮೇಲೆ ಕೆಂಪು, ಹಳದಿಯಾಗಿ ಅರಳುವ ಗೌರಿ ಹೂವಿನ ಬಳ್ಳಿಯಲ್ಲೂ ಇರುವುದು ಇದೇ. ಹಾಗಂತ ಯಾರೂ ಅದರ ಗೆಡ್ಡೆ ಅರೆಯಲು ಹೋಗಬೇಡಿ, ಜೀವ ತೆಗೆಯುವ ವಿಷ ಅದು. ಮಾತ್ರೆಯೂ ವೈದ್ಯರು ಹೇಳಿದಷ್ಟೇ. ಮಾತ್ರೆ ಬಿಟ್ಟರೆ ಅಮಿಲಾಯ್ಡ್ ಎಂಬ ಪ್ರೋಟೀನ್ ತುಂಬಿಕೊಂಡು ಮುಂದೆ ಕಿಡ್ನಿ ಹಾಳಾಗಬಹುದು. ಅದಕ್ಕೇ ಮಗನಿಗೆ ಆಗಾಗ ಮೂತ್ರ ಪರೀಕ್ಷೆ.

ಮಕ್ಕಳಿಗೆ ಬರುವ ಜ್ವರವೆಲ್ಲ ಇದೇ ಅಂತಲ್ಲ. ಆದರೂ ಕಾರವಾರಕ್ಕೆ ತಿಂಗಳಿಗೊಮ್ಮೆಯಾದರೂ ಇದನ್ನು ಬಲ್ಲ ತಜ್ಞರು ಬರುವಂತಾಗಲಿ. ಅಲ್ಲಿಯವರೆಗೆ, ಪದೇ ಪದೇ ಜ್ವರ ಬರುವ ಮಗುವಿಗೆ ತಾಲ್ಲೂಕು ಆಸ್ಪತ್ರೆಯಲ್ಲೇ ಜ್ವರ ಇದ್ದಾಗ ಒಮ್ಮೆ, ಬಿಟ್ಟ ಮೇಲೆ ಒಮ್ಮೆ ಸಿಆರ್‌ಪಿ ಎಂಬ, ಮೈಯಲ್ಲಿ ಉರಿಯೂತ ಎಷ್ಟಿದೆ ಎಂದು ತೋರಿಸುವ ರಕ್ತ ಪರೀಕ್ಷೆ ಮಾಡಿ ಚೀಟಿ ಕೊಟ್ಟರೂ ಸಾಕು. ನಾವು ನಂಬರ್ ಹಚ್ಚಿ, ಬಸ್ಸು ಹತ್ತಿ, ಮಣಿಪಾಲವನ್ನೋ ಮಂಗಳೂರನ್ನೋ ಮುಟ್ಟುವ ಹೊತ್ತಿಗೆ ಜ್ವರ ಇಳಿದಿರುತ್ತದೆ. ರಿಪೋರ್ಟ್ ನಾರ್ಮಲ್ ಬಂದು ಬಿಡುತ್ತದೆ.

– ಒಬ್ಬ ತಾಯಿ, ಕುಮಟಾ