ಭಾನುವಾರದ ಹಂಪಿ ನಡಿಗೆ: ಬರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ.

ಇದೇ ಭಾನುವಾರ ಬೆಳಿಗ್ಗೆ 5.30ಕ್ಕೆ ವಿರೂಪಾಕ್ಷ ದೇವಸ್ಥಾನದ ಮುಂದೆ ಸೇರಿ, ಬಿಸಿಲೇರುವ ಮೊದಲೇ ಮಾತಂಗ ಬೆಟ್ಟ ಹತ್ತುತ್ತೇವೆ.

ಹಂಪಿಯ ಬೆಟ್ಟಗಳ ಮೇಲೆ ರಾಶಿ ರಾಶಿಯಾಗಿ ಕಾಣುವ ಗುಂಡು ಬಂಡೆಗಳನ್ನು ಭೂಕಂಪ ಉರುಳಿಸಿತೇ ಎಂದು ಹಲವರು ಕೇಳಿದ್ದಿರಿ. ಇಲ್ಲ. ವಾಲಿ ಸುಗ್ರೀವರು ಎಸೆದಾಡಿದ ಕಲ್ಲುಗಳೆಂಬ ಕಥೆ ನನಗೂ ಪ್ರಿಯವೇ, ಆದರೆ ಹೆಚ್ಚಿನವು ಹುಟ್ಟಿದ ಜಾಗದಲ್ಲೇ ಕುಳಿತಿವೆ. ನೆಲದಾಳದಲ್ಲಿ ಗಟ್ಟಿಯಾದ, ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್ ಇದು. ಮೇಲಿನ ಭಾರ ಸವೆದು ಹೋದಂತೆ ಬಿರುಕು ಬಿಟ್ಟಿತು. ಬಿರುಕಿಗಿಳಿದ ನೀರು ಮೊದಲು ಮೂಲೆಗಳನ್ನು ತಿಂದಿತು. ಚೌಕ ತುಂಡು ಗುಂಡಾಯಿತು. ಪುಡಿಯಾದ ಮಣ್ಣನ್ನು ಮಳೆ ತೊಳೆದೊಯ್ದಿತು, ಗುಂಡುಗಳು ಉಳಿದವು. ಈರುಳ್ಳಿ ಸಿಪ್ಪೆಯಂತೆ ಏಳುವ ಪದರಗಳನ್ನು ದಾರಿಯಲ್ಲೇ ಮುಟ್ಟಿ ನೋಡಬಹುದು. ಸಾಲಾಗಿ ತೂತುಗಳು ಕಂಡರೆ ಅದು ಮಳೆಯದಲ್ಲ, ವಿಜಯನಗರದ ಕಲ್ಲುಕುಟಿಗರ ಉಳಿಯ ಗುರುತು.

ಎರಡು ಲೀಟರ್ ನೀರು, ಟೋಪಿ, ಜಾರದ ಶೂ ಇರಲಿ. ಮಕ್ಕಳ ಕೈ ಬಿಡಬೇಡಿ. ಬಂಡೆಯ ಮೇಲೆ ಹೆಸರು ಕೆತ್ತುವುದು, ಚೂರು ಒಡೆದು ತರುವುದು ಖಂಡಿತ ಬೇಡ.

ಮಂಡಿ ನೋವಿರುವ ಹಿರಿಯರಿಗಾಗಿ ತುಂಗಭದ್ರೆಯ ದಡದಲ್ಲಿ ಬೇರೊಂದು ತಂಡ ನಡೆಯುತ್ತದೆ. ನೀವು ಯಾವ ತಂಡ, ಎಷ್ಟು ಜನ ಎಂಬುದನ್ನು ಶುಕ್ರವಾರ ಸಂಜೆಯೊಳಗೆ ಇಲ್ಲಿಯೇ ತಿಳಿಸಿ.