ಶೆಟ್ಟಿಹಳ್ಳಿಯ ದಡಕ್ಕೆ ಬಂದವರಿಗೆ, ಮತ್ತು ದೊಡ್ಡಮ್ಮನಿಗೆ

ಭಾನುವಾರ ಹೇಮಾವತಿ ಹಿನ್ನೀರಿನ ದಡದಲ್ಲಿ ನಮ್ಮ ಬಟ್ಟೆಗಳು ಗಾಳಿಗೆ ಆಡಿದವು. ಅಣೆಕಟ್ಟಿನ ನೀರಿನಲ್ಲಿ ಮುಳುಗಿದ ಊರಿನವರ ಹಳೆಯ ಫೋಟೋಗಳನ್ನು ಬಟ್ಟೆಯ ಮೇಲೆ ನೀಲಿಯಲ್ಲಿ ಮೂಡಿಸಿ ಆ ನೀರಿನ ದಡದಲ್ಲೇ ಕಟ್ಟುವ, ನನ್ನ ಕಲಾ ಪದವಿಯ ಕೊನೆಯ ವರ್ಷದ ಕೆಲಸ ಮುಗಿಯಿತು.

ಬಿದಿರು ಕೊಟ್ಟ ಮೀನುಗಾರರಿಗೆ, ಗಳ ನೆಟ್ಟ ಗೆಳೆಯರಿಗೆ, ಗೋಡೆಯ ಮೇಲಿನ ಹಳೆಯ ಸ್ಟುಡಿಯೋ ಫೋಟೋಗಳನ್ನು ನಂಬಿಕೆಯಿಂದ ಇಳಿಸಿಕೊಟ್ಟ ಮನೆಯವರಿಗೆ, "ಇದು ಗ್ಯಾಲರಿಯಲ್ಲಿ ಏಕಿರಬಾರದು?" ಎಂದು ವರ್ಷವಿಡೀ ಕೇಳಿ ಕೇಳಿ ನನ್ನಿಂದ ಉತ್ತರ ಹೊರಡಿಸಿದ ಮೇಷ್ಟರಿಗೆ ಕೈ ಮುಗಿಯುತ್ತೇನೆ.

ಇನ್ನು ದೊಡ್ಡಮ್ಮ.

ಸ್ಪೈರಲ್ ಜೆಟ್ಟಿಯ ಚಿತ್ರವನ್ನು ತರಗತಿಯಲ್ಲಿ ನೋಡಿದ್ದೆ. 1970ರಲ್ಲಿ ರಾಬರ್ಟ್ ಸ್ಮಿತ್‌ಸನ್ ಅಮೆರಿಕದ ಯೂಟಾದ ಉಪ್ಪು ಸರೋವರದಲ್ಲಿ ಕಲ್ಲುಮಣ್ಣು ಸುರಿದು ಮಾಡಿಸಿದ 1500 ಅಡಿಯ ಸುರುಳಿ ಅದು. ನೀರೇರಿ ದಶಕಗಳ ಕಾಲ ಮುಳುಗಿತ್ತು, ಬರದಲ್ಲಿ ಮತ್ತೆ ಕಾಣಿಸಿತು. ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಏಳುವ ನಮ್ಮ ಶೆಟ್ಟಿಹಳ್ಳಿಯ ಚರ್ಚು ಆಗಲೇ ಕಣ್ಣ ಮುಂದೆ ಬಂದಿತ್ತು. ಆದರೆ ಸ್ಥಳವೆಂದರೆ ಏನೆಂಬುದನ್ನು ಕಲಿಸಿದವರು ದೊಡ್ಡಮ್ಮ. ಗೊರೂರಿನ ಅಣೆಕಟ್ಟು 1979ರಲ್ಲಿ ಮುಗಿಯುವ ಹೊತ್ತಿಗೆ ಅವರ ತವರಿನವರು ಊರು ಬಿಟ್ಟಾಗಿತ್ತು. ದಡದಲ್ಲಿ ನಿಂತು "ಅಗೋ, ಅದು ನಮ್ಮ ಕಣ" ಎಂದು ಬೆರಳು ತೋರಿಸಿದರು. ನನಗೆ ಬರೀ ನೀರು ಕಂಡಿತು.

ಆ ಮಳೆಯ ರಾತ್ರಿಯ ವಿಷಯ ಹೆಚ್ಚಿನವರಿಗೆ ಹೇಳಿಲ್ಲ. ಬಿಸಿಲಿಗೆ ನೀಲಿ ಚಿತ್ರ ಮೂಡಿಸುವ ಸಯನೋಟೈಪ್ ದ್ರಾವಣ ಬಳಿದ ಹನ್ನೆರಡು ಬಟ್ಟೆಗಳನ್ನು ಅವರ ಕತ್ತಲೆಯ ಕೊಟ್ಟಿಗೆಯಲ್ಲಿ ಒಣಹಾಕಿದ್ದೆ. ಗಾಳಿಗೆ ಹೆಂಚು ಹಾರಿತು. ಬಿಸಿಲು ಕಾಣುವ ಮೊದಲೇ ನೀರು ಬಿದ್ದರೆ ಲೇಪ ತೊಳೆದುಹೋಗುತ್ತದೆ. ಏಳು ಬಟ್ಟೆಗಳು ಹೋದವು. ನಾನು ಹುಲ್ಲಿನ ಮೇಲೆ ಕುಳಿತು, ಪದವಿಯೂ ಬೇಡ, ಏನೂ ಬೇಡ ಎಂದು ಬಿಕ್ಕಿಬಿಕ್ಕಿ ಅತ್ತೆ. ಅಪ್ಪ ತೀರಿಕೊಂಡಾಗಲೂ ಹಾಗೆ ಅತ್ತಿರಲಿಲ್ಲ. ಅಂದು ಉಳಿಸಿಕೊಂಡ ಅಳುವೂ ಅದರಲ್ಲಿತ್ತು ಎಂದು ಈಗ ಅನ್ನಿಸುತ್ತದೆ.

ದೊಡ್ಡಮ್ಮ ಸಮಾಧಾನದ ಮಾತು ಆಡಲಿಲ್ಲ. ಒಳಗೆ ಹೋಗಿ ಟ್ರಂಕು ತೆರೆದು ದೊಡ್ಡಪ್ಪನ ಪಂಚೆಗಳನ್ನು ತಂದರು. ಅವರು ಹೋದ ಮೇಲೆ ಯಾರೂ ಮುಟ್ಟದ ಪಂಚೆಗಳು. "ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತದೆ, ನಿನ್ನ ಬಣ್ಣ ಕುಡಿಯುವುದಿಲ್ಲ. ಇವು ನೂರು ಸಲ ಒಗೆದವು" ಎಂದರು. ಅಡುಗೆಮನೆಯ ಮಂಕು ಬಲ್ಬಿನ ಕೆಳಗೆ ನಾನು ಬಳಿದೆ, ಅವರು ಅಂಚು ಹಿಡಿದರು. ಬೆಳಗಿನ ಜಾವದವರೆಗೂ ಕೂತರು. ನಡುವೆ ಎರಡು ಸಲ ಕಾಫಿ ಕಾಸಿದರು. ಮರುದಿನ ಹೊತ್ತೇರಿದ ಮೇಲೆ ಬಿಸಿಲಿಗಿಟ್ಟ ಮೊದಲ ಪಂಚೆಯನ್ನು ಹೊಳೆಯ ನೀರಿನಲ್ಲಿ ಅದ್ದಿದಾಗ ಹಳದಿ ಹರಿದುಹೋಗಿ ನೀಲಿ ಎದ್ದಿತು. ನೀಲಿಯೊಳಗೆ ಅವರ ತಾಯಿಯ ಮುಖ ಬೆಳ್ಳಗೆ ಕಂಡಿತು. ದೊಡ್ಡಮ್ಮ ಮೊಣಕಾಲುದ್ದ ನೀರಿನಲ್ಲಿ ಆ ಬಟ್ಟೆ ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದರು.

ಪಂಚೆಗಳು ಆರೇ ಇದ್ದವು. ಹನ್ನೆರಡಕ್ಕೆ ಒಂದು ಕಡಿಮೆಯಾಯಿತು. ಮಳೆ ತೊಳೆದ ಖಾಲಿ ಬಟ್ಟೆಯೊಂದನ್ನು ಅವರೇ ಎತ್ತಿಕೊಟ್ಟು, "ಇದನ್ನೂ ಕಟ್ಟು. ಫೋಟೋ ತೆಗೆಸಿಕೊಳ್ಳದ ಮನೆಗಳೇ ನಮ್ಮೂರಿನಲ್ಲಿ ಹೆಚ್ಚು" ಎಂದರು. ಸಾಲಿನ ಕೊನೆಯಲ್ಲಿ ನೀವು ನೋಡಿದ ಬಿಳಿ ಬಟ್ಟೆ ಅದೇ.

ದೊಡ್ಡಮ್ಮ, ನೀರೇರುವ ಮೊದಲು ಬಟ್ಟೆಗಳನ್ನು ಬಿಚ್ಚಲು ಬರುತ್ತೇನೆ. ಅಜ್ಜಿಯ ಮುಖವಿರುವ ಪಂಚೆ ನಿಮ್ಮದು. ಹೆಂಚನ್ನೂ ಆಗಲೇ ಹೊದಿಸೋಣ.