ಚೆನ್ನೆಮಣೆ ಕಳಿಸುತ್ತಿದ್ದೇನೆ, ಮಗಾ

ಉಡುಪಿ
ಆಟಿ 10

ಪ್ರೀತಿಯ ಮಗಳಿಗೆ,

ಅಮ್ಮನ ಆಶೀರ್ವಾದ. ಇಲ್ಲಿ ನಾವಿಬ್ಬರೂ ಸೌಖ್ಯ. ಒಂದು ವಾರದಿಂದ ಮಳೆ ಬಿಟ್ಟೇ ಇಲ್ಲ. ಅಪ್ಪನಿಗೆ ಸೋರುವ ಮೂಲೆಗೆ ಬಾಲ್ದಿ ಇಡುವುದು, ತುಂಬಿದರೆ ಹೊರಗೆ ಚೆಲ್ಲುವುದು, ಅದೇ ಕೆಲಸ.

ಮೊನ್ನೆ ಆದಿತ್ಯವಾರ ಫೋನಿನಲ್ಲಿ ನೀನು ಹೇಳಿದ್ದು ತಲೆಯಿಂದ ಹೋಗುತ್ತಿಲ್ಲ. "ಅಮ್ಮಾ, ಪುಟ್ಟಿಯನ್ನು ಅಷ್ಟು ಫೀಸು ಕೊಟ್ಟು ಶಾಲೆಗೆ ಸೇರಿಸಿದ್ದೇವೆ, ಅಲ್ಲಿ ಓದು ಅಂತ ಎಂತದೂ ಇಲ್ಲ. ಒಂದು ದಿನ ಯೆಲ್ಲೋ ಡೇ, ಇನ್ನೊಂದು ದಿನ ಮ್ಯಾಂಗೋ ಡೇ. ಪಕ್ಕದ ಮನೆಯ ಮಗು ಎ ಯಿಂದ ಝಡ್ ತನಕ ಬರೀತದೆ, ಇವಳಿಗೆ ಪೆನ್ಸಿಲ್ ಹಿಡಿಯಲಿಕ್ಕೇ ಬರುವುದಿಲ್ಲ" ಅಂದಿ. ಪುಟ್ಟಿ ನಿನ್ನ ಬೆನ್ನ ಹಿಂದೆ ಸೋಫಾದಿಂದ ಹಾರುತ್ತಿದ್ದಳು. ಅಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ಹೇಗೂ ಫೋನಿನಲ್ಲಿ ಹೇಳಿದರೆ ನೀನು "ಆಯ್ತಮ್ಮ, ಆಯ್ತಮ್ಮ" ಅಂತ ಮುಗಿಸಿಬಿಡುತ್ತೀ. ಅದಕ್ಕೇ ಕಾಗದ ಹಿಡಿದು ಕೂತೆ. 34 ವರ್ಷ ಅಂಗನವಾಡಿಯಲ್ಲಿ ಮಕ್ಕಳ ಮೂಗು ಒರೆಸಿದವಳು ನಾನು, ಸ್ವಲ್ಪ ಉದ್ದ ಆದರೂ ಓದು.

ಮೊದಲು ಪೆನ್ಸಿಲ್ ವಿಷಯ. ಪುಟ್ಟಿಗೆ ಈಗ ಮೂರೂವರೆ. ನಮ್ಮ ಮಣಿಕಟ್ಟಿನಲ್ಲಿ ಎಂಟು ಸಣ್ಣ ಎಲುಬು ಉಂಟು. ಅವಳ ಪ್ರಾಯದಲ್ಲಿ ಅದರಲ್ಲಿ ಹೆಚ್ಚಿನವು ಇನ್ನೂ ಎಲುಬಾಗಿಯೇ ಇರುವುದಿಲ್ಲ, ಕಿವಿಯ ಹಾಗೆ ಮೆದು. ಆ ಕೈಗೆ ಪೆನ್ಸಿಲ್ ಕೊಟ್ಟು ಗೆರೆಯೊಳಗೆ ಬರೆ ಅಂದರೆ ಅದು ಎಲ್ಲಿಂದ ಬರೆಯಬೇಕು? ಅವಳ ಕೈಗೆ ಬೇರೆ ಕೆಲಸ ಕೊಡು. ಚಪಾತಿ ಹಿಟ್ಟು ನಾದಲಿ, ಬಟಾಣಿ ಸುಲಿಯಲಿ, ತನ್ನ ಕರ್ಚೀಫು ತಾನೇ ಹಿಂಡಲಿ. ನೆಲ ಒದ್ದೆಯಾಗುತ್ತದೆ, ಆಗಲಿ. ಹೆಬ್ಬೆರಳಿಗೂ ತೋರುಬೆರಳಿಗೂ ದೋಸ್ತಿ ಆದ ಮೇಲೆ ಪೆನ್ಸಿಲ್ ತಾನಾಗಿ ಕೂರುತ್ತದೆ.

ಫೀಸಿನ ಬಗ್ಗೆ ನಾನು ಮಾತಾಡುವುದಿಲ್ಲ, ನಿಮ್ಮ ದುಡ್ಡು. ಆದರೆ ಅಲ್ಲಿ ಬೋರ್ಡಿನಲ್ಲಿ ಮಾಂಟೆಸ್ಸರಿ ಅಂತ ಬರೆದದ್ದು ನೋಡಿ ನನಗೆ ನಗೆ ಬಂತು. ಆ ಪುಣ್ಯಾತ್ಗಿತ್ತಿ 1907ರಲ್ಲಿ ರೋಮಿನಲ್ಲಿ ಮೊದಲ ಮಕ್ಕಳ ಮನೆ ತೆರೆದದ್ದು ಕೂಲಿಕಾರರ ಕೇರಿಯಲ್ಲಿ. ತಂದೆತಾಯಿ ದುಡಿಯಲು ಹೋದರೆ ಮಕ್ಕಳು ಮೆಟ್ಟಿಲು, ಗೋಡೆ ಎಲ್ಲ ಹಾಳು ಮಾಡುತ್ತವೆ ಅಂತ ಶುರುವಾದದ್ದದು. ಅಂದರೆ ನಮ್ಮ ಅಂಗನವಾಡಿಯ ಹಾಗೆಯೇ. ನಮ್ಮಲ್ಲಿ ಬೆಳಿಗ್ಗೆ ನಾಲ್ಕಕ್ಕೇ ಬುಟ್ಟಿ ಹಿಡಿದು ಮಲ್ಪೆ ಬಂದರಿಗೆ ಹೋಗುವ ತಾಯಂದಿರು, ಅವರ ಮಕ್ಕಳು. 1975ರ ಗಾಂಧಿ ಜಯಂತಿಯಂದು ದೇಶದಲ್ಲಿ ಶುರುವಾದ ಯೋಜನೆ ಇದು, ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ತಿ. ನರಸೀಪುರಕ್ಕೆ. 1988ರಲ್ಲಿ ನಾನು ಸೇರುವಾಗಲೂ ಊರಿನವರಿಗೆ ಅದು ಉಪ್ಪಿಟ್ಟು ಕೊಡುವ ಜಾಗ, ಅಷ್ಟೇ. ನಮಗೆ ಸಂಬಳವೂ ಅಲ್ಲ, ಗೌರವಧನ. ಗೌರವ ಎಷ್ಟು, ಧನ ಎಷ್ಟು ಅಂತ ಅಪ್ಪ ಈಗಲೂ ತಮಾಷೆ ಮಾಡುತ್ತಾರೆ.

ಆಗ ನನಗೆ ಆಟ ಎಂದರೆ ಮಕ್ಕಳನ್ನು ಸುಮ್ಮನಿರಿಸುವ ಉಪಾಯ ಅಂತಲೇ ಇತ್ತು. ಕಣ್ಣು ತೆರೆಸಿದ್ದು ಒಬ್ಬಳು ನಾಲ್ಕು ವರ್ಷದ ಹುಡುಗಿ. ಅವಳ ಅಮ್ಮ ಮೀನು ಮಾರುವವಳು. ಒಂದು ದಿನ ಈ ಹುಡುಗಿ ಅಂಗಳದ ಎಲೆಗಳನ್ನೆಲ್ಲ ಹೆಕ್ಕಿ ತಂದಳು. ಮಾವಿನ ಎಲೆ ಬಂಗುಡೆ ಮೀನು, ಹಲಸಿನ ಎಲೆ ಮಾಂಜಿ ಮೀನು. ಹಾಳೆಯ ಮೇಲೆ ಸಾಲಾಗಿ ಹರವಿ, ಕಾಲು ಮಡಚಿ ಕೂತು, ಒಂದು ಕೈಯಲ್ಲಿ ನೊಣ ಓಡಿಸಲು ಶುರು ಮಾಡಿದಳು. ಒಂದೇ ಒಂದು ನೊಣ ಇರಲಿಲ್ಲ! ಗಿರಾಕಿ ಹುಡುಗ ಬಂದು "ಹತ್ತಕ್ಕೆ ಐದು ಕೊಡಿ" ಅಂದ. ಇವಳು ಮುಖ ತಿರುಗಿಸಿ, "ಐದು ಕೊಟ್ಟರೆ ನಾನು ಮನೆಗೆ ಎಂತ ಕೊಂಡೋಗುವುದು? ನಾಲ್ಕು" ಅಂದಳು. ನಾಲ್ಕನ್ನು ಬೆರಳಿಂದ ಒಂದೊಂದೇ ಮುಟ್ಟಿ ಎಣಿಸಿದಳು, ಅವನ ಮುಖ ನೋಡಿದಳು, ಆಮೇಲೆ ಒಂದು ಸಣ್ಣ ಎಲೆ ಹುಡುಕಿ ಮೇಲಿಂದ ಹಾಕಿದಳು, ಕೊಸರು. ಉಳಿದ ಮೀನಿಗೆ ನನ್ನ ಒದ್ದೆ ಟವೆಲು ಹೊದಿಸಿ "ಐಸು" ಅಂದಳು.

ಅದೇ ಹುಡುಗಿಗೆ ನಾನು ಒಂದರಿಂದ ಇಪ್ಪತ್ತು ಬಾಯಿಪಾಠ ಹೇಳಿಸುತ್ತಿದ್ದೆ. ಗಿಳಿಯ ಹಾಗೆ ಹೇಳುತ್ತಿದ್ದಳು. ಐದು ಬಳೆ ಎದುರಿಗಿಟ್ಟು ಎಷ್ಟು ಅಂದರೆ ಏಳು ಅನ್ನುತ್ತಿದ್ದಳು. ಎಲೆಯ ಮೀನಿನಲ್ಲಿ ಮಾತ್ರ ಒಂದೂ ತಪ್ಪಲಿಲ್ಲ. ಯಾಕೆಂದರೆ ಅಲ್ಲಿ ತಪ್ಪಿದರೆ ನಷ್ಟ!

ಈಗ ನಿನ್ನ ಯೆಲ್ಲೋ ಡೇ. ಅದು ಒಳ್ಳೆಯದೋ ಕೆಟ್ಟದ್ದೋ ಅಂತ ಕೇಳಿದರೆ, ಯಾರು ಹಳದಿ ಹುಡುಕುತ್ತಾರೆ ಅನ್ನುವುದರ ಮೇಲೆ ಹೋಗುತ್ತದೆ. ನೀನು ರಾತ್ರಿ ಹನ್ನೊಂದಕ್ಕೆ ಮೊಬೈಲಿನಲ್ಲಿ ಹಳದಿ ಫ್ರಾಕು ಆರ್ಡರ್ ಮಾಡಿದರೆ ಅದು ನಿನ್ನ ಯೆಲ್ಲೋ ಡೇ, ಅವಳದ್ದಲ್ಲ. ಅಡುಗೆ ಮನೆಗೆ ಬಿಡು. ಅರಸಿನ, ಕಡ್ಲೆಬೇಳೆ, ಲಿಂಬೆಹುಳಿ, ಬಾಳೆಹಣ್ಣು, ಎಲ್ಲ ಅವಳೇ ಹೊರಗೆ ತೆಗೆಯಲಿ. ಬಾಳೆಹಣ್ಣಿನ ಹಳದಿಯೂ ಅರಸಿನದ ಹಳದಿಯೂ ಒಂದೇನಾ ಅಂತ ಅವಳೇ ಜಗಳ ತೆಗೆಯುತ್ತಾಳೆ, ನೋಡು.

ನಮಗೆ ಡೇಗಳನ್ನು ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ, ಊರೇ ಕೊಡುತ್ತಿತ್ತು. ಮಳೆಗಾಲದ ಆಟಿ ತಿಂಗಳು ಬಂದರೆ ಪತ್ರೊಡೆ ತಿಂಡಿ. ಕೆಸುವಿನ ಎಲೆ ತಂದು ಮಕ್ಕಳ ಎದುರು ಇಡುತ್ತಿದ್ದೆ. ಕೊಯ್ಯುವುದು, ಅರೆಯುವುದು ನಾನು ಮತ್ತು ಸಹಾಯಕಿ, ಹಸಿ ಕೆಸು ತುರಿಸುತ್ತದಲ್ಲ. ಮಕ್ಕಳಿಗೆ ಎಲೆಯ ಮೇಲೆ ನೀರು ಬಿಡುವ ಕೆಲಸ ಮಾತ್ರ. ಒಂದು ಚಮಚ ನೀರು ಬಿದ್ದದ್ದೇ ಮುತ್ತಾಗಿ ಓಡುತ್ತದೆ. ಎಲೆ ಆ ಕಡೆ ಬಾಗಿಸಿದರೆ ಆ ಕಡೆ, ಈ ಕಡೆ ಬಾಗಿಸಿದರೆ ಈ ಕಡೆ. ಎರಡು ಹನಿ ಹತ್ತಿರ ಬಂದು ಒಂದಾದಾಗ ಹದಿನೆಂಟು ಮಕ್ಕಳು ಒಟ್ಟಿಗೆ ಉಸಿರು ಬಿಡುವ ಶಬ್ದ ನೀನು ಕೇಳಬೇಕಿತ್ತು. ಕೇಳಿದ್ದೀ, ಅವರಲ್ಲಿ ನೀನೂ ಒಬ್ಬಳು. "ನೀರು ಎಲೆಗೆ ಯಾಕೆ ಅಂಟುವುದಿಲ್ಲ ಟೀಚರ್?" ಅಂತ ಕೇಳಿದ್ದೂ ನೀನೇ. ಅಂಗನವಾಡಿಯ ಹೊಸ್ತಿಲು ದಾಟಿದರೆ ನನ್ನನ್ನು ಅಮ್ಮ ಅನ್ನುತ್ತಿರಲಿಲ್ಲ, ಅಷ್ಟು ಶಿಸ್ತು. ಕಲ್ಯಾಣಪುರ ಕಡೆಯಿಂದ ಬರುತ್ತಿದ್ದ ಕೊಂಕಣಿ ಮಗು ಮೇರಿ ಮಾತೆಯ ಮೊಂತಿ ಹಬ್ಬಕ್ಕೆ ಮುಂಚೆ ಒಂಬತ್ತು ದಿನ ಇಗರ್ಜಿಗೆ ಹೂ ಕೊಂಡೋಗುತ್ತಿತ್ತು, ನಮಗೂ ಒಂದಿಷ್ಟು ತರುತ್ತಿತ್ತು. ಸೆಪ್ಟೆಂಬರ್ 8ಕ್ಕೆ ಇನ್ನೆಷ್ಟು ದಿನ ಅಂತ ಗೋಡೆಯಲ್ಲಿ ದಿನಾ ಒಂದು ಗೀಟು. ತುಳು, ಕೊಂಕಣಿ, ಬ್ಯಾರಿ, ಕುಂದಾಪುರ ಕನ್ನಡ, ಎಲ್ಲ ಆ ಒಂದು ಕೋಣೆಯಲ್ಲಿ. ಹೂವಿಗೆ ಎಷ್ಟು ಹೆಸರು ಅಂತ ನಾನೂ ಅಲ್ಲೇ ಕಲಿತದ್ದು.

ಆದರೆ ಅಷ್ಟಮಿ ಅಂದರೆ ಅಷ್ಟಮಿ. ಮರುದಿನದ ವಿಟ್ಲಪಿಂಡಿ ಉತ್ಸವಕ್ಕೆ ರಥಬೀದಿಯಲ್ಲಿ ಹುಲಿವೇಷ ನೋಡಿ ಬಂದ ಮಕ್ಕಳು ಮತ್ತೆ ಒಂದು ತಿಂಗಳು ಮನುಷ್ಯರಾಗಿ ಇರುತ್ತಿರಲಿಲ್ಲ. ಬಿಸ್ಕಿಟ್ ಡಬ್ಬಿಯೇ ಬಡಿಯುವ ತಾಸೆ, ಬೈರಾಸು ಟವೆಲೇ ಬಾಲ. ಒಬ್ಬ ಹುಡುಗನಿಗೆ ಮಾತ್ರ ಹುಲಿ ಅಂದರೆ ಜೀವ ಹೋಗುವ ಹೆದರಿಕೆ, ಡಬ್ಬಿ ಬಡಿದ ಕೂಡಲೇ ಅಕ್ಕಿಮೂಟೆಯ ಹಿಂದೆ. ಹೆದರಬೇಡ ಅಂತ ನಾನು ಹೇಳಲಿಲ್ಲ, ಹೇಳಿದರೆ ಹೆದರಿಕೆ ಹೋಗುವುದಿದ್ದರೆ ನಮಗೆಲ್ಲ ಯಾವತ್ತೋ ಹೋಗುತ್ತಿತ್ತು. ಇದ್ದಿಲು ಅರೆದು ಉಳಿದವರ ಕೈಗೆ ಪಟ್ಟೆ ಎಳೆಯುತ್ತಾ ಕೂತಿದ್ದೆ. ಮೂರನೇ ದಿನ ಅವನೇ ಬಂದು ಕಿರುಬೆರಳು ಚಾಚಿದ. "ಎಂಕ್ ಒಂಜೇ", ನನಗೆ ಒಂದೇ, ಅಂದ. ಒಂದೇ ಎಳೆದೆ. ಮರುದಿನ ಎರಡು. ವಾರ ಕಳೆಯುವಾಗ ಮೊಣಕೈ ತನಕ ಹುಲಿ, ಮೇಲೆ ಹುಡುಗ. ಮುಖಕ್ಕೆ ಕೊನೆಯವರೆಗೂ ಬಿಡಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ. ಈಗ ಅವನದ್ದೇ ಬೋಟು ಉಂಟು, ಮೊನ್ನೆ ಸಿಕ್ಕಿ "ಟೀಚರ್, ಅಂಜಲ್ ಮೀನು ತಂದುಕೊಡ್ಲಾ?" ಅಂತ ಕೇಳಿದ.

ನಿನ್ನ ಹತ್ತಿರ ಮಾತ್ರ ನಾನು ಹಾಗಿರಲಿಲ್ಲ, ಮಗಾ. ಅದನ್ನು ಬರೆಯಬೇಕು ಅಂತಲೇ ಇಷ್ಟು ಹೊತ್ತು ಬೇರೆಯವರ ಮಕ್ಕಳ ಕಥೆ ಹೇಳಿದ್ದು.

1996. ನಿನಗೆ ನಾಲ್ಕು ವರ್ಷ. ಹತ್ತಿರದಲ್ಲಿ ಒಂದು ಇಂಗ್ಲಿಷ್ ಮೀಡಿಯಂ ನರ್ಸರಿ ಶುರುವಾಗಿ ನಮ್ಮ ಆರು ಮಕ್ಕಳು ಅಲ್ಲಿಗೆ ಹೋಗಿದ್ದರು. ನವೆಂಬರ್ 14ಕ್ಕೆ ಮಹಿಳಾ ಮಂಡಲದ ಕಟ್ಟಡದಲ್ಲಿ ಮಕ್ಕಳ ದಿನಾಚರಣೆ, ಮೇಲಿನವರು ಬರುತ್ತಾರೆ ಅಂತಾಯಿತು. ನಮ್ಮಲ್ಲೂ ಕಲಿಸುತ್ತೇವೆ ಅಂತ ತೋರಿಸಬೇಕಿತ್ತು ನನಗೆ. ಬೇರೆಯವರ ಮಕ್ಕಳಿಗೆ ಹೊಡೆಯುವ ಹಾಗಿಲ್ಲ, ನನ್ನ ಮಗಳು ಹೇಗೂ ಇದ್ದಾಳಲ್ಲ. ಹದಿನೈದು ದಿನ, ರಾತ್ರಿ ಊಟ ಆದ ಮೇಲೆ, ಕರೆಂಟ್ ಹೋದರೆ ಚಿಮಿಣಿ ದೀಪದಲ್ಲಿ, ಅ ದಿಂದ ಅಃ ತನಕ. ಪಕ್ಕದಲ್ಲಿ ಪೇರಳೆ ಅಡರಿನ ಕೋಲು. ಹೆದರಿಸಲಿಕ್ಕೆ ಮಾತ್ರ ಅಂತ ಇಟ್ಟದ್ದು, ಎರಡು ಸಲ ನಿನ್ನ ಬೆರಳ ಗಂಟಿನ ಮೇಲೆ ಬಿತ್ತು. ಅಪ್ಪ ಎದ್ದು ಹೊರಗೆ ಹೋದರು, ಒಂದು ಮಾತು ಆಡಲಿಲ್ಲ.

ಸ್ಟೇಜಿನಲ್ಲಿ ನೀನು ಊ ತನಕ ಬರೆದೆ. ಋ ಬಂದಾಗ ಕೈ ನಿಂತಿತು. ನನ್ನನ್ನು ಹುಡುಕಿ ನೋಡಿದಿ. ನಾನು ಕರ್ಟನಿನ ಪಕ್ಕದಿಂದ ಗಾಳಿಯಲ್ಲಿ ಬರೆದು ತೋರಿಸಿದೆ, ಕಣ್ಣು ದೊಡ್ಡ ಮಾಡಿದೆ. ನೀನು ಸ್ಲೇಟನ್ನು ಎದೆಗೆ ಅವಚಿ ಹಿಡಿದುಕೊಂಡು ನಿಂತುಬಿಟ್ಟೆ. ಇಳಿದು ಬಂದಾಗ ಅಕ್ಷರವೆಲ್ಲ ಉಜ್ಜಿ ನಿನ್ನ ನೀಲಿ ಫ್ರಾಕಿನ ಎದೆಯಲ್ಲಿ ಬಿಳಿ ಬಿಳಿ. ಜನ ಚಪ್ಪಾಳೆ ಹೊಡೆದರು. ಬಂದವರು ಫಲಕವನ್ನೂ ಕೊಟ್ಟರು, ಅಂಗನವಾಡಿಗೆ.

ಆಮೇಲಿನದ್ದು ನಿನಗೆ ನೆನಪಿಲ್ಲ ಅಂತ ಕಾಣುತ್ತದೆ, ಯಾವತ್ತೂ ನೀನು ಹೇಳಿದ್ದಿಲ್ಲ. ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಕುಚ್ಚಲಕ್ಕಿ ಡ್ರಮ್ಮಿಗೆ ಸೇರು ಹಾಕಿದಾಗ ಅಕ್ಕಿಯೊಂದಿಗೆ ಒಂದು ಸ್ಲೇಟು ಕಡ್ಡಿ ಬಂತು. ಕೈ ಹಾಕಿ ಕಲಕಿದೆ. ಹನ್ನೊಂದು ಕಡ್ಡಿ. ಕೆಂಪು ಅಕ್ಕಿಯಲ್ಲಿ ಹುಗಿದಿಟ್ಟದ್ದು, ಕೆಲವಂತೂ ಹೊಸತು, ಕಾಗದ ಸುತ್ತಿದ್ದು ಹಾಗೇ ಇತ್ತು. ನಾನು ಪ್ರತಿ ಸಲ "ಕಡ್ಡಿ ಎಲ್ಲಿ ಹಾಕಿದಿ?" ಅಂತ ಬೈದು ಅಂಗಡಿಯಿಂದ ತರಿಸುತ್ತಿದ್ದೆನಲ್ಲ, ಅವೆಲ್ಲ ಅಲ್ಲಿದ್ದವು. ತೊಳೆದು ಸೆರಗಿನಲ್ಲಿ ಒರೆಸಿ ಅಂಗನವಾಡಿಗೆ ಕೊಂಡುಹೋದೆ. ನಿನ್ನಲ್ಲಿ ಕೇಳಲಿಲ್ಲ. ನಿನ್ನ ಅಪ್ಪನಿಗೂ ಇವತ್ತೇ ಹೇಳಿದ್ದು. "ಗೊತ್ತಿತ್ತು, ಡ್ರಮ್ಮಿನ ಮುಚ್ಚಳ ತೆಗೆದುಕೊಡುತ್ತಿದ್ದದ್ದೇ ನಾನು" ಅಂದರು ಮಹಾನುಭಾವರು.

2020ರ ಶಿಕ್ಷಣ ನೀತಿಯಲ್ಲಿ ಮೂರರಿಂದ ಎಂಟು ವರ್ಷದವರೆಗೆ ಆಟದಿಂದಲೇ ಕಲಿಸಬೇಕು ಅಂತ ಬಂದಾಗ ತರಬೇತಿಯಲ್ಲಿ ಎಲ್ಲರೂ ಬರೆದುಕೊಂಡರು. ನನಗೆ ಆ ಡ್ರಮ್ಮು ಕಣ್ಣಮುಂದೆ ಬಂತು.

ಸರಿ, ಈಗ ಕೆಲಸದ ಮಾತು. ಅಟ್ಟದಿಂದ ಅಜ್ಜಿಯ ಚೆನ್ನೆಮಣೆ, ಬೇರೆ ಕಡೆ ಅಳಗುಳಿಮಣೆ ಅನ್ನುತ್ತಾರಲ್ಲ, ಅದನ್ನು ಇಳಿಸಿ, ಎಣ್ಣೆ ಹಚ್ಚಿ ಒರೆಸಿ, ಗೋಣಿಯಲ್ಲಿ ಸುತ್ತಿದ್ದೇನೆ. ಆಟಿ ಮುಗಿದು ಸೋಣ ತಿಂಗಳು ಬಂದರೆ ಮತ್ತೆ ಅಟ್ಟಕ್ಕೆ ಹೋಗಬೇಕು ಅನ್ನುತ್ತಿದ್ದರು ಅಜ್ಜಿ, ನಿಮ್ಮ ಫ್ಲ್ಯಾಟಿನಲ್ಲಿ ಅಟ್ಟ ಎಲ್ಲಿ, ಕಪಾಟಿನ ಮೇಲೆ ಇಡು. ಆ ಕಡೆ ಏಳು ಗುಳಿ, ಈ ಕಡೆ ಏಳು, ಒಂದೊಂದಕ್ಕೆ ನಾಲ್ಕು ಕಾಯಿ. ನಿಯಮ ಹೇಳಲು ಹೋಗಬೇಡ, ಆ ಪ್ರಾಯಕ್ಕೆ ಅದು ತಲೆಗೆ ಹೋಗುವುದಿಲ್ಲ. ಒಂದು ಗುಳಿಗೆ ಒಂದೇ ಕಾಯಿ ಬಿಡುತ್ತಾ ಸುತ್ತು ಬರಲಿ, ಸಾಕು. ಆಡುವಾಗ ನೀನು ಎದುರಿಗೆ ಕೂತಿರಬೇಕು, ಮೊಬೈಲು ಒಳಗಿಟ್ಟು. ಕಾಯಿ ಬಾಯಿಗೆ, ಮೂಗಿಗೆ ಹೋಗಬಾರದು, ಆಟ ಮುಗಿದರೆ ಎಣಿಸಿ ಎತ್ತರದಲ್ಲಿ ಇಡು. ಈ ಕಾಯಿ ಮಂಜೊಟ್ಟಿ ಬೀಜ, ಇಡೀ ಕೆಂಪು. ಅಲ್ಲಿ ಎಲ್ಲಿಯಾದರೂ ಕೆಂಪಿಗೆ ಕಪ್ಪು ಬೊಟ್ಟು ಇರುವ ಬೀಜ ಸಿಕ್ಕಿದರೆ ಸೇರಿಸಬೇಡ, ಅದು ಗುಲಗಂಜಿ, ವಿಷ.

ಅಷ್ಟಮಿಗೆ ಕೃಷ್ಣನ ವೇಷ ಬಾಡಿಗೆಗೆ ತರುವ ಮೊದಲು ಅವಳನ್ನೊಮ್ಮೆ ಕೇಳು. ಹುಲಿ ಆಗುತ್ತೇನೆ ಅಂದರೆ ಇದ್ದಿಲು ನಾನು ಕಳಿಸುತ್ತೇನೆ.

ಪಾರ್ಸೆಲ್ ಇವತ್ತು ರಾತ್ರಿಯ ಬಸ್ಸಿಗೆ ಹಾಕುತ್ತೇವೆ, ಬೆಳಿಗ್ಗೆ ಹೋಗಿ ತೆಗೆದುಕೊಳ್ಳಲು ಅಳಿಯಂದಿರಿಗೆ ಹೇಳು. ಮಣೆಯ ಜೊತೆ ಒಂದು ಸೀಸೆ ಉಪ್ಪಿನಕಾಯಿಯೂ ಉಂಟು, ಅಡಿಮೇಲು ಹಿಡಿಯಬೇಡಿ. ಪ್ಯಾಕ್ ಮಾಡುವ ಮೊದಲು ಅಪ್ಪ ನನ್ನೊಟ್ಟಿಗೆ ಎರಡು ಆಟ ಆಡಿದರು, ಎರಡರಲ್ಲೂ ಸೋತು ಒಂದು ಕಾಯಿ ಎಲ್ಲೋ ಹಾರಿಸಿದರು. ಮಂಚದಡಿ ಎಲ್ಲ ಹುಡುಕಿ ಆಯಿತು. 55 ಮಂಜೊಟ್ಟಿ, ಒಂದು ಹುಣಸೆಬೀಜ ಹಾಕಿದ್ದೇನೆ. ಪುಟ್ಟಿಗೆ ಹೇಳಬೇಡ, ಅವಳೇ ಕಂಡುಹಿಡಿಯಲಿ.

ನಿನ್ನ,
ಅಮ್ಮ